ನೀರಿಗೆ ಬೆನ್ನು ತಿರುಗಿಸಿದ ನೀರು

“ಅಲ್ಲಾಡಿಸ್ಬೇಡಿ ಭಾವ. ಮೇಜಿನ ಮೇಲೆ ಮೊಣಕೈ ಇಡ್ಬೇಡಿ. ಸಾಧ್ಯ ಆದ್ರೆ ಉಸಿರೂ ಮೆಲ್ಲಗೆ ಬಿಡಿ.”

ಇನ್ಸ್‌ಪೆಕ್ಟರ್ ಮೊಣಕೈ ಹಿಂದಕ್ಕೆ ತೆಗೆದುಕೊಂಡರು. ಠಾಣೆಯಲ್ಲಿ ಅವರು ಕೆಮ್ಮಿದರೆ ಸಾಕು, ನಾಲ್ಕು ಜನ ಎದ್ದು ನಿಲ್ಲುತ್ತಿದ್ದರು. ಇಲ್ಲಿ, ಹೆಂಡತಿಯ ತಂಗಿಯ ಪ್ರಯೋಗಶಾಲೆಯಲ್ಲಿ, ಎತ್ತರದ ಸ್ಟೂಲಿನ ತುದಿಯಲ್ಲಿ ಕೈಕಟ್ಟಿ ಕೂತಿದ್ದರು.

ಮುಂದೆ ಸ್ಟ್ಯಾಂಡಿಗೆ ಸಿಕ್ಕಿಸಿದ ಗಾಜಿನ ಕೊಳವೆ. ಅದರಲ್ಲಿ ಪಾತ್ರೆ ತೊಳೆದಂಥ ಮಾಸಲು ನೀರು. ಕನ್ನಡಕದಜ್ಜನ ಸಾವಿನ ಬಗ್ಗೆ ಬಾಯಿ ಬಿಡಬಹುದಾದ ಸಾಕ್ಷಿ ಅಂತ ಉಳಿದಿದ್ದು ಅದೊಂದೇ.

ಕನ್ನಡಕದಜ್ಜ ಎಂದರೆ ಪೇಟೆಬೀದಿಯ ಕನ್ನಡಕದ ಅಂಗಡಿಯ ಯಜಮಾನ. ಊರಿನ ಅರ್ಧ ಜನರ ಮೂಗಿನ ಮೇಲೆ ಅವರು ಉಜ್ಜಿದ ಗಾಜೇ ಕೂತಿತ್ತು. ಹೋದ ವಾರ ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲೇ ಪ್ರಜ್ಞೆ ತಪ್ಪಿದ್ದರು. ಓಡಿ ಬಂದ ಡಾಕ್ಟರು ಬೆರಳು ಚುಚ್ಚಿ ನೋಡಿದರೆ ರಕ್ತದಲ್ಲಿ ಸಕ್ಕರೆ ತಳ ಕಂಡಿತ್ತು. ಸಕ್ಕರೆ ಕಾಯಿಲೆಯೇ ಇಲ್ಲದ ಮನುಷ್ಯ! ಹೊಟ್ಟೆಯ ಮೇಲೆ ಒಂದು ಸೂಜಿಯ ಗುರುತು. ಆಸ್ಪತ್ರೆಯ ಬಾಗಿಲು ಮುಟ್ಟುವ ಮೊದಲೇ ಜೀವ ಹಾರಿಹೋಗಿತ್ತು.

ಮನೆಯಲ್ಲಿದ್ದದ್ದು ಸೊಸೆ ಒಬ್ಬಳೇ. ಗಂಡ ತೀರಿಕೊಂಡ ಮೇಲೂ ಮಾವನ ಜೊತೆಗೇ ಉಳಿದು ಅಂಗಡಿ ನಡೆಸುತ್ತಿದ್ದವಳು. ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುವವಳು. ಅಷ್ಟು ಸಾಕಾಗಿತ್ತು. ಅವಳನ್ನು ಬಂಧಿಸಿದ್ದು ಇನ್ಸ್‌ಪೆಕ್ಟರೇ. ಅಂದಿನಿಂದ ಅವಳ ಬಾಯಿಗೆ ಬೀಗ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಇವತ್ತು ಮಧ್ಯಾಹ್ನ ಅವಳನ್ನು ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕಿತ್ತು.

“ನಿಮ್ಗೆ ಇನ್ನೂ ಯಾಕೆ ಅನುಮಾನ?” ನಾದಿನಿ ಕೈಗವಸು ಎಳೆದುಕೊಳ್ಳುತ್ತ ಕೇಳಿದಳು. “ಹಿಡಿದಿರೋರು ನೀವು. ಬಿಡಿಸೋಕೆ ಒದ್ದಾಡ್ತಿರೋರೂ ನೀವೇ.”

“ಅವಳು ಚುಚ್ಚಿಕೊಳ್ಳೋದು ಇನ್ಸುಲಿನ್ ಪೆನ್ನಲ್ಲಿ, ಸಿರಿಂಜಲ್ಲಲ್ಲ. ಪೆನ್ನನ್ನ ಯಾರೂ ಸಿಂಕಲ್ಲಿ ತೊಳೆಯಲ್ಲ. ಆದ್ರೆ ಅಡುಗೆಮನೆ ಸಿಂಕ್ ಪಕ್ಕ ಸಿರಿಂಜಿನ ಸೂಜಿ ಮುಚ್ಚಳ ಬಿದ್ದಿತ್ತು. ಸಿರಿಂಜ್ ಇರಲಿಲ್ಲ.”

ಅದಕ್ಕೇ ಅವರು ಅಂದೇ ಪ್ಲಂಬರನ್ನು ಕರೆಸಿ ಸಿಂಕಿನ ಕೆಳಗಿನ ಬಾಗು ಪೈಪು ಬಿಚ್ಚಿಸಿದ್ದರು. ಯಾರಾದರೂ ಸಿರಿಂಜು ತೊಳೆದಿದ್ದರೆ ಆ ತೊಳೆದ ನೀರು ಒಂದು ಗುಟುಕಾದರೂ ಆ ಬಾಗಿನಲ್ಲಿ ನಿಂತಿರಬೇಕು ಎಂಬ ಹಟ. ರಕ್ತದಲ್ಲಿ ಇನ್ಸುಲಿನ್ ಇದ್ದದ್ದು ಖಚಿತವಾಗಿತ್ತು. ಯಾವ ಇನ್ಸುಲಿನ್ ಎಂದು ಹೇಳುವಷ್ಟರಲ್ಲಿ ರಕ್ತ ಕೆಟ್ಟಿತ್ತು. ನೀರಿನ ಅರ್ಧ ಸರ್ಕಾರಿ ಲ್ಯಾಬಿಗೆ ಹೋಗಿ, ಏನೂ ಕಂಡುಬಂದಿಲ್ಲ ಎಂಬ ಒಂದು ಸಾಲಿನೊಂದಿಗೆ ಮರಳಿತು. ಐಸಿನಲ್ಲಿಟ್ಟಿದ್ದ ಉಳಿದರ್ಧವನ್ನು ನ್ಯಾಯಾಧೀಶರ ಅನುಮತಿ ಪಡೆದು ಇನ್ಸ್‌ಪೆಕ್ಟರ್ ಇಲ್ಲಿಗೆ ತಂದಿದ್ದರು. ಇವಳಿಗೆ ಗೊತ್ತಿದ್ದ ವಿದ್ಯೆ ಊರಿನಲ್ಲಿ ಬೇರೆಲ್ಲೂ ಇರಲಿಲ್ಲ.

“ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಂತಾರಲ್ಲ?” ಎಂದಳು ನಾದಿನಿ. “ತೊಳೆದೋರು ಹೊರಟುಹೋದ್ರು. ಆದ್ರೆ ಹುಳಿ ಎಲ್ಲೂ ಹೋಗಿಲ್ಲ. ನೀರಲ್ಲೇ ಇದೆ, ಚದುರಿಹೋಗಿದೆ ಅಷ್ಟೇ. ಅದನ್ನ ವಾಪಸ್ ಕರೀಬೇಕು.”

ಅವಳು ಬೆರಳುದ್ದದ ಬಾಟಲಿಯೊಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಒಳಗೆ ತಿಳಿಯಾದದ್ದೇನೋ ಜೇನಿನ ಸೋಮಾರಿತನದಿಂದ ವಾಲಿತು.

“ಇದೇನು ಹೇಳಿ ನೋಡೋಣ.”

“ಎಣ್ಣೆ.”

“ಉಪ್ಪು.”

“ಉಪ್ಪು ನೀರಾ?”

“ನೀರೇ ಹಾಕಿಲ್ಲ ಭಾವ. ಬರೀ ಉಪ್ಪು. ಅಡುಗೆ ಉಪ್ಪು ಹೀಗೆ ಕರಗ್ಬೇಕು ಅಂದ್ರೆ ಎಂಟುನೂರು ಡಿಗ್ರಿ ಬೆಂಕಿ ಬೇಕು. ಇದು ಕೂತಲ್ಲೇ ದ್ರವ. ಅಯಾನಿಕ್ ದ್ರವ ಅಂತಾರೆ.”

ಇನ್ಸ್‌ಪೆಕ್ಟರ್ ಬಾಟಲಿಯನ್ನು ಹತ್ತಿರದಿಂದ ನೋಡಿದರು. ಉಪ್ಪು ಎಂದರೆ ಹರಳು, ಪುಡಿ, ಕಲ್ಲು. ಐವತ್ತು ದಾಟಿದ ಮನುಷ್ಯನಿಗೆ ಇವತ್ತು ಉಪ್ಪು ಹರಿಯುವುದನ್ನು ನೋಡುವ ಯೋಗ.

“ಗಟ್ಟಿ ಯಾಕಾಗಲ್ಲ?”

“ಅಡುಗೆ ಉಪ್ಪಿನ ಕಣಗಳು ಇಟ್ಟಿಗೆ ಇದ್ದಂಗೆ, ಸಾಲಾಗಿ ಜೋಡಿಸ್ಕೊಂಡು ಕೂತ್ಬಿಡ್ತವೆ. ಇದರ ಕಣಗಳು ನಿಮ್ಮನೆ ಡಬ್ಬ ಮುಚ್ಚಳ ಇದ್ದಂಗೆ. ಅಕ್ಕ ಎಷ್ಟೇ ಜೋಡಿಸಿದ್ರೂ ಒಂದರ ಮೇಲೊಂದು ಕೂರಲ್ಲ. ಜಾರ್ತಾನೇ ಇರ್ತವೆ.”

ಅವರಿಗೆ ನಗು ಬಂತು. ಇವಳು ಹೀಗೇ. ಅವರ ಮದುವೆಯ ಹೊಸತರಲ್ಲಿ ಎರಡು ಜಡೆ ಹಾಕಿಕೊಂಡು, “ಭಾವ, ಕಳ್ಳರು ನಿಮ್ಗೆ ಹೆದರ್ತಾರಾ, ನೀವು ಕಳ್ಳರಿಗೆ ಹೆದರ್ತೀರಾ?” ಎಂದು ಕೇಳಿ ಇಡೀ ಮನೆಯನ್ನು ನಗಿಸಿದ್ದವಳು.

ದ್ರವ ಉಪ್ಪು ಮಾಸಲು ನೀರಿಗೆ ಇಳಿಯಿತು. ಕರಗಿತು. ನೀರು ಹೇಗಿತ್ತೋ ಹಾಗೇ ಉಳಿಯಿತು.

“ಇಷ್ಟೇನಾ?” ಎಂದರು ಇನ್ಸ್‌ಪೆಕ್ಟರ್.

“ಈಗ ಇನ್ನೊಂದು ಉಪ್ಪು. ಇದು ಮಾಮೂಲಿ ಪುಡಿ. ಎರಡು ಉಪ್ಪಿಗೂ ಒಂದೇ ನೀರು ಬೇಕು, ಹಂಚ್ಕೊಳ್ಳೋಕೆ ಮನಸ್ಸಿಲ್ಲ. ಈಗ ನೋಡ್ತಾ ಇರಿ.”

ಅವಳು ಬಿಳಿ ಪುಡಿ ಸುರಿದು, ಕೊಳವೆಯನ್ನು ತಲೆಕೆಳಗು ಮಾಡಿ, ನೇರ ನಿಲ್ಲಿಸಿದಳು. ನೀರು ಹಾಲಿನಂತೆ ಮಂಜಾಯಿತು. ಆ ಮಂಜಿನೊಳಗೆ ಸಣ್ಣ ಸಣ್ಣ ಗುಳ್ಳೆಗಳು ಮೇಲೇರತೊಡಗಿದವು. ಗಾಳಿಯ ಗುಳ್ಳೆಗಳಲ್ಲ, ನೀರಿನ ಗುಳ್ಳೆಗಳು. ಒಂದನ್ನೊಂದು ಹುಡುಕುತ್ತ, ಕೂಡುತ್ತ ಮೇಲೇರಿದವು.

ಆಮೇಲೆ ಗೆರೆ ಮೂಡಿತು.

ಯಾರೂ ಎಳೆಯದ ಗೆರೆ. ಕೂದಲಿನಷ್ಟು ತೆಳು, ಕನ್ನಡಿಯಷ್ಟು ಸಮ. ಕೊಳವೆಯ ಕತ್ತಿನ ಬಳಿ ನೀರನ್ನು ಎರಡಾಗಿ ಕತ್ತರಿಸಿದ ಹಾಗೆ. ಕೆಳಗೆ ಮಾಸಲು, ಜಿಡ್ಡು, ಕೊಳೆ. ಮೇಲೆ ಎರಡು ಬೆರಳು ಎತ್ತರದ ತಿಳಿ, ಆಗ ತಾನೇ ಹುಟ್ಟಿದಂತೆ.

“ಎಣ್ಣೆ ಮೇಲೆ ಬಂತು,” ಎಂದರು ಅವರು. ದನಿ ತಾನಾಗಿಯೇ ಇಳಿದಿತ್ತು.

“ಎಣ್ಣೆ ಎಲ್ಲಿದೆ ಭಾವ? ಮೇಲಿರೋದೂ ನೀರು, ಕೆಳಗಿರೋದೂ ನೀರು. ನೀರಿಗೆ ನೀರೇ ಬೆನ್ನು ತಿರುಗಿಸಿದೆ.”

ಇನ್ಸ್‌ಪೆಕ್ಟರ್ ಸ್ಟೂಲಿನಿಂದ ಇಳಿದು, ಮಂಡಿಯೂರಿ, ಆ ಗೆರೆಯ ಮಟ್ಟಕ್ಕೆ ಕಣ್ಣು ತಂದರು. ಕಿಟಕಿಯ ಬೆಳಕು ಅದರೊಳಗೆ ಮುರಿದು ಮತ್ತೆ ಕೂಡುತ್ತಿತ್ತು. ಸಾವು ನೋವು, ರಕ್ತ, ಸುಳ್ಳು ಎಲ್ಲ ನೋಡಿ ಒರಟಾಗಿದ್ದ ಮನಸ್ಸು, ಯಾರೋ ಹೆಗಲು ಮುಟ್ಟಿ ಕರೆದ ಹಾಗೆ ಒಂದು ಗಳಿಗೆ ನಿಂತುಬಿಟ್ಟಿತು.

“ಇಡೀ ನೀರಿನಲ್ಲಿ ಇನ್ಸುಲಿನ್ ಎಲ್ಲಾದ್ರೂ ಒಂದು ಚೂರು ಇದ್ರೆ,” ಅವಳೂ ಪಿಸುದನಿಯಲ್ಲೇ ಹೇಳಿದಳು, “ಅದೀಗ ಆ ತಿಳಿಯೊಳಗೆ ಬಂದು ಕೂತಿದೆ. ಕೆಳಗಿನ ಉಪ್ಪು ತಳ್ಳುತ್ತೆ, ಮೇಲಿನ ಉಪ್ಪು ಬಾ ಅನ್ನುತ್ತೆ. ನಾವು ಹುಡುಕಲ್ಲ. ಅದೇ ನಡ್ಕೊಂಡು ಬರುತ್ತೆ.”

“ಬಂತಾ?”

ಬಾಗಿಲಲ್ಲಿ ನಿಂತು ಕೇಳಿದ್ದು ಮೇಷ್ಟ್ರು. ಈ ಪ್ರಯೋಗಶಾಲೆಯ ಮುಖ್ಯಸ್ಥರು, ನಾದಿನಿಗೆ ವಿದ್ಯೆ ಕಲಿಸಿದವರು, ಆ ದ್ರವ ಉಪ್ಪನ್ನು ವರ್ಷಗಟ್ಟಲೆ ಕೂತು ಕಂಡುಹಿಡಿದವರು. ಬೆಳ್ಳಗಿನ ತಲೆ, ತೋಳು ಆಮ್ಲಕ್ಕೆ ಸುಟ್ಟ ಹಳೇ ಕೋಟು. ಅವರು ಕೊಳವೆಯ ಹತ್ತಿರ ಬಂದು ಬಾಗಿದರು. ಬಾಗಿದವರು ಬಹಳ ಹೊತ್ತು ಏಳಲಿಲ್ಲ.

“ಕೊಳಕು ನೀರಲ್ಲಿ ಇದು ಆಗೋದೇ ಇಲ್ಲ ಅಂತ ನಕ್ಕಿದ್ರು ಎಲ್ಲರೂ,” ಎಂದರು ಮೆಲ್ಲಗೆ. “ಗೆರೆ ಎಷ್ಟು ಚೆನ್ನಾಗಿ ಬಂದಿದೆ ನೋಡಮ್ಮ.”

ಅವರ ಕಣ್ಣು ತುಂಬಿತ್ತು. ಮೆಚ್ಚುಗೆಯ ಕಣ್ಣೀರು ಎಂದುಕೊಂಡರು ಇನ್ಸ್‌ಪೆಕ್ಟರ್.

ನಾದಿನಿ ತಿಳಿಯನ್ನು ಸೂಜಿಕೊಳವೆಯಿಂದ ಹೀರಿ, ಮೂಲೆಯಲ್ಲಿ ಗುಂಯ್‌ಗುಡುತ್ತಿದ್ದ ಯಂತ್ರಕ್ಕೆ ಕೊಟ್ಟಳು. ಅಣುಗಳನ್ನು ತೂಗುವ ತಕ್ಕಡಿ ಅದು. ಪರದೆಯ ಮೇಲೆ ಹಸಿರು ಗೆರೆಯೊಂದು ಅಡ್ಡಲಾಗಿ, ಸಪ್ಪಗೆ ಸಾಗಿತು. ಸಾಗುತ್ತಲೇ ಇತ್ತು.

ಇದ್ದಕ್ಕಿದ್ದಂತೆ ಒಂದು ಶಿಖರ ಎದ್ದಿತು. ಗೋಪುರದಂತೆ, ಒಂಟಿಯಾಗಿ.

“ಇದೆ,” ಎಂದಳು ನಾದಿನಿ.

ಇನ್ಸ್‌ಪೆಕ್ಟರ್ ಮೈ ಜುಂ ಎಂದಿತು. ತೊಳೆದು, ಸೋಪು ಹಾಕಿ, ನಲ್ಲಿ ಬಿಟ್ಟು ಇಲ್ಲವಾಗಿಸಿದ್ದನ್ನು ನೀರು ನೆನಪಿಟ್ಟುಕೊಂಡಿತ್ತು. ಕೇಳುವ ರೀತಿ ಗೊತ್ತಿದ್ದವರು ಕೇಳಿದ ಕೂಡಲೇ ಎತ್ತಿ ಕೊಟ್ಟಿತ್ತು.

“ಹಾಗಾದ್ರೆ ಸೊಸೆದೇ,” ಎಂದರು. “ಅವಳದೇ ಇನ್ಸುಲಿನ್.”

ನಾದಿನಿ ಯಂತ್ರದ ಹತ್ತಿರ ಬಾಗಿದಳು. ಪರದೆಯ ಅಂಕಿ ನೋಡಿದಳು. ಯಾರೂ ಹೇಳದೆಯೇ ಇನ್ನೊಂದು ಹನಿ ಹೀರಿ ಮತ್ತೆ ತೂಗಿದಳು. ಅದೇ ಶಿಖರ. ಅದೇ ಜಾಗ.

“ಅವಳದಲ್ಲ ಭಾವ.”

“ಏನಂದೆ?”

“ಇನ್ಸುಲಿನ್ ಅಂದ್ರೆ ಐವತ್ತೊಂದು ಮಣಿಯ ಸರ ಅಂದ್ಕೊಳ್ಳಿ. ಅವಳ ಪೆನ್ನಲ್ಲಿರೋದು ಫ್ಯಾಕ್ಟರಿಲಿ ಮಾಡಿದ್ದು, ಮನುಷ್ಯರ ಸರವನ್ನೇ ಒಂಚೂರು ತಿದ್ದಿದ್ದು. ಅದರ ತೂಕ ಬೇರೆ. ಅದು ಈ ನೀರಲ್ಲಿ ಒಂದು ಚೂರೂ ಇಲ್ಲ. ಇಲ್ಲಿರೋದರಲ್ಲಿ ಮನುಷ್ಯರ ಸರಕ್ಕಿಂತ ಮೂರು ಮಣಿ ಬೇರೆ.” ಅವಳು ಪರದೆಯಿಂದ ಕಣ್ಣು ತೆಗೆದಳು. “ಇದು ದನದ್ದು.”

“ದನದ್ದಾ? ದನದ ಇನ್ಸುಲಿನ್ ಯಾರು ಚುಚ್ಕೊಳ್ತಾರೆ?”

“ಹಿಂದೆ ಚುಚ್ಕೊಳ್ತಿದ್ರು. ಈಗ ಊರಲ್ಲಿ ಯಾವ ಔಷಧಿ ಅಂಗಡೀಲೂ ಸಿಗಲ್ಲ. ಪುಡಿ ರೂಪದಲ್ಲಿ ಪ್ರಯೋಗಶಾಲೆಗಳಿಗೆ ಬರುತ್ತೆ. ಇಂಥ ಪ್ರಯೋಗ ಸರಿಯಾಗಿದೆಯಾ ಅಂತ ಪರೀಕ್ಷಿಸೋಕೆ.” ಮಾತು ನಿಧಾನವಾಯಿತು. “ನಮ್ಮಲ್ಲೂ ಒಂದು ಬಾಟಲಿ ಇದೆ.”

ಅವಳು ಫ್ರಿಜ್ಜಿನ ಬಾಗಿಲು ತೆರೆದಳು. ಒಂದೊಂದೇ ಬಾಟಲಿ ಸರಿಸಿದಳು. ಮತ್ತೆ ಮೊದಲಿನಿಂದ ಸರಿಸಿದಳು. ಬಾಗಿಲು ಮುಚ್ಚದೆ ಹಾಗೇ ನಿಂತಳು.

“ಇತ್ತು,” ಎಂದಳು.

ಇನ್ಸ್‌ಪೆಕ್ಟರ್ ತಲೆಯಲ್ಲಿ ಲೆಕ್ಕ ತಂತಾನೇ ಕೂಡತೊಡಗಿತು. ಕನ್ನಡಕದಜ್ಜನಿಗೆ ಊರೆಲ್ಲ ಪರಿಚಯ, ಆದರೆ ಗೆಳೆಯ ಅಂತ ಒಬ್ಬರೇ. ವಾರ ತಪ್ಪದೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಚದುರಂಗಕ್ಕೆ ಕೂರುತ್ತಿದ್ದವರು. ಅವರ ಮನೆಗೆ ಹೋಗಿ ವಿಚಾರಿಸಿ, ಚಹಾ ಕುಡಿದು, ಕೈಮುಗಿದು ಬಂದಿದ್ದರು ಇನ್ಸ್‌ಪೆಕ್ಟರ್. ಆ ಗೆಳೆಯರೀಗ ಕೊಳವೆಯ ಮುಂದೆ ಇನ್ನೂ ಬಾಗಿಕೊಂಡೇ ಇದ್ದರು.

“ಮೇಷ್ಟ್ರೇ,” ಎಂದರು. “ಬಾಟಲಿ ಎಲ್ಲಿ?”

ಮೇಷ್ಟ್ರು ನೆಟ್ಟಗಾದರು. ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸಿದರು. ಓಡುವವರ ಮುಖವಾಗಿರಲಿಲ್ಲ ಅದು.

“ಬೆಳಿಗ್ಗೆಯಿಂದ ಒಂದೇ ಬೇಡ್ಕೊತಿದ್ದೆ ಇನ್ಸ್‌ಪೆಕ್ಟ್ರೇ. ಜೀವನದಲ್ಲಿ ಮೊದಲ ಸಲ. ನನ್ನ ವಿದ್ಯೆ ಸುಳ್ಳಾಗ್ಲಿ ಅಂತ.”

“ಸಾರ್!” ನಾದಿನಿಯ ಕೈ ಬಾಯಿಗೆ ಹೋಯಿತು.

“ತಡೀಬಹುದಿತ್ತಲ್ಲ?” ಎಂದರು ಇನ್ಸ್‌ಪೆಕ್ಟರ್. “ದ್ರವ ನಿಮ್ಮದು, ಲ್ಯಾಬ್ ನಿಮ್ಮದು. ಖಾಲಿಯಾಗಿದೆ, ಕೆಟ್ಟಿದೆ ಅಂದಿದ್ರೆ ನಾನು ತಿರುಗಿ ಹೋಗ್ತಿದ್ದೆ.”

“ತಡೀಬಹುದಿತ್ತು. ಆದ್ರೆ ಆ ಹುಡುಗಿ ಒಳಗಿದಾಳಲ್ಲ.” ಅವರು ಕೊಳವೆಯತ್ತ ನೋಡಿದರು. “ಮತ್ತೆ... ನೋಡ್ಬೇಕು ಅಂತಲೂ ಇತ್ತು. ಬರುತ್ತಾ ಇಲ್ವಾ ಅಂತ. ಇಷ್ಟು ವರ್ಷ ಕಾದಿದ್ದು ಈ ಗೆರೆಗೇ.”

ಇನ್ಸ್‌ಪೆಕ್ಟರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತನ್ನ ಕೊರಳಿಗೇ ಸುತ್ತಿಕೊಳ್ಳುವ ಗೆರೆಯನ್ನು ಮಗುವಿನಂತೆ ಬೆರಗಾಗಿ ನೋಡುವ ಮನುಷ್ಯನನ್ನು ಅವರು ಹಿಂದೆಂದೂ ಕಂಡಿರಲಿಲ್ಲ.

“ಬಾಟಲಿ ಯಾರಿಗೆ ಕೊಟ್ರಿ?”

“ಉಪ್ಪು ತಿಂದವನು ನೀರು ಕುಡೀಲೇಬೇಕು. ಹೇಳ್ತೀನಿ.” ಮೇಷ್ಟ್ರು ಸ್ಟೂಲು ಎಳೆದುಕೊಂಡು ಕೂತರು. “ಅವನಿಗೇ ಕೊಟ್ಟೆ. ನನ್ನ ಗೆಳೆಯನಿಗೇ.”

“ಸತ್ತವರಿಗೆ?”

“ಬೆನ್ನುಮೂಳೆ ಕ್ಯಾನ್ಸರ್ ಒಳಗಿಂದ ತಿಂತಾ ಇತ್ತು ಅವನನ್ನ. ಸೊಸೆಗೂ ಪೂರ್ತಿ ಹೇಳಿರಲಿಲ್ಲ. ಚದುರಂಗದ ಕುದುರೆ ಎತ್ತೋಕೆ ಹೋಗಿ ಕೈ ನಡುಗಿ ಬೀಳಿಸ್ತಿದ್ದ. ಒಂದಿನ ಕೇಳೇ ಬಿಟ್ಟ, ನಿನ್ನ ಹತ್ರ ಏನಾದ್ರೂ ಇದೆಯೇನೋ, ನೋವಿಲ್ಲದ್ದು ಅಂತ. ಬೈದೆ. ಮತ್ತೆ ಕೇಳಿದ. ಕೊಡದಿದ್ರೆ ಬೇರೆ ಏನಾದ್ರೂ ಮಾಡ್ಕೊಂಡಾನು ಅಂತ ಭಯ ಆಯ್ತು.”

“ಅದಕ್ಕೇ ವಿಷ ಕೊಟ್ರಾ?”

“ಕೊಟ್ಟಿದ್ದು ಮೋಸ!” ಮೇಷ್ಟ್ರ ದನಿ ಮೊದಲ ಸಲ ಏರಿತು. “ಆ ಪುಡಿ ಬರೀ ನೀರಲ್ಲಿ ಕರಗಲ್ಲ ಇನ್ಸ್‌ಪೆಕ್ಟ್ರೇ. ಬೇಕಾದ್ರೆ ಇವಳನ್ನ ಕೇಳಿ. ತಳದಲ್ಲಿ ಕೂತ್ಬಿಡುತ್ತೆ. ಕರಗಿಸೋಕೆ ಒಂದು ಉಪಾಯ ಬೇಕು. ಅದನ್ನ ನಾನು ಹೇಳಲಿಲ್ಲ. ಬಾಟಲಿ ಕೈಲಿದ್ರೆ ಧೈರ್ಯ ಇರುತ್ತೆ, ಇವತ್ತು ಬೇಡ ನಾಳೆ ನೋಡೋಣ ಅಂತ ದಿನ ದೂಡ್ತಾನೆ, ಕೊನೆಗೆ ತೊಗೊಂಡ್ರೂ ಏನೂ ಆಗಲ್ಲ ಅಂತ ಲೆಕ್ಕ ಹಾಕಿದ್ದೆ. ಗೆಳೆಯನ್ನ ಉಳಿಸ್ಕೊಂಡೆ ಅಂದ್ಕೊಂಡಿದ್ದೆ.”

ಇನ್ಸ್‌ಪೆಕ್ಟರ್ ನಾದಿನಿಯತ್ತ ನೋಡಿದರು. ಅವಳು ಹೌದು ಎಂಬಂತೆ ತಲೆಯಾಡಿಸಿದಳು. ಪರದೆಯ ಹಸಿರು ಬೆಳಕಿನಲ್ಲಿ ಅವಳ ಮುಖ ಬಿಳಿಚಿಕೊಂಡಿತ್ತು.

ಹಾಗಾದರೆ ಪುಡಿ ಕರಗಿದ್ದು ಹೇಗೆ? ಸಿರಿಂಜು ತೊಳೆದವರು ಯಾರು? ಅದೇನೇ ಇರಲಿ, ಮೊದಲ ಕೆಲಸ ಬೇರೆ ಇತ್ತು. ನಿರಪರಾಧಿಯೊಬ್ಬಳು ಈಗ ಜೀಪು ಹತ್ತುತ್ತಿರಬಹುದು. ಅವರು ಫೋನು ತೆಗೆದರು.

ಆ ಕಡೆ ಎತ್ತಿದ್ದು ಹೆಡ್ ಕಾನ್‌ಸ್ಟೇಬಲ್. ಗಂಟಲಿನ ದೆಸೆಯಿಂದ ಠಾಣೆಯಲ್ಲಿ ಅವನಿಗೆ ಗಂಟೆ ಎಂದೇ ಹೆಸರು. ಅವನೊಂದಿಗೆ ಫೋನಿನಲ್ಲಿ ಗುಟ್ಟು ಮಾತಾಡುವುದು ಸಾಧ್ಯವೇ ಇರಲಿಲ್ಲ.

“ಸಾರ್! ನಾನೇ ಫೋನ್ ಮಾಡೋಣ ಅಂತಿದ್ದೆ ಸಾರ್!”

“ಕೋರ್ಟಿಗೆ ಹೊರಡ್ಬೇಡ. ಆಯಮ್ಮನ ಇನ್ಸುಲಿನ್ ಅಲ್ಲ ಅಂತ ಗೊತ್ತಾಗಿದೆ.”

“ಅಯ್ಯೋ ಸಾರ್, ಆಯಮ್ಮ ಈಗ ತಾನೇ ಒಪ್ಕೊಂಡ್ರಲ್ಲ!”

“ಏನು ಒಪ್ಕೊಂಡ್ರು?”

“ನಾನೇ ಮಾಡಿದ್ದು ಅಂತ! ತಪ್ಪು ನಂದೇ ಸಾರ್, ನೀರು ಪರೀಕ್ಷೆಗೆ ಹೋಗಿದೆ ಅಂತ ಬಾಯಿತಪ್ಪಿ ಅಂದ್ಬಿಟ್ಟೆ. ಇಷ್ಟು ದಿನ ಕಲ್ಲಿನಂಗೆ ಕೂತಿದ್ದೋರು ಗೋಳೋ ಅಂತ ಅತ್ರು. ಪೆನ್ನಲ್ಲ ಅಂತೆ ಸಾರ್. ಬಿಳೀ ಪುಡಿಯಂತೆ, ಚಿಕ್ಕ ಬಾಟಲಿಯಂತೆ. ಮಾವ ಕೈ ನಡುಗುತ್ತೆ, ನೀನೇ ಕರಗಿಸಿ ಕೊಡು ಅಂತ ಕಾಲಿಗೆ ಬಿದ್ರಂತೆ.”

ಆ ಬಾಟಲಿಯ ಮಾತು ಈ ಕೋಣೆಯ ಹೊರಗಿನ ಯಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ. ಆಯಮ್ಮ ಸುಳ್ಳು ಹೇಳುತ್ತಿರಲಿಲ್ಲ.

“ಕರಗಿತಂತಾ?” ಎಂದರು ಇನ್ಸ್‌ಪೆಕ್ಟರ್. “ಬರೀ ನೀರಲ್ಲಿ?”

“ಅದೇ ಸಾರ್, ಬರೀ ನೀರಲ್ಲಿ ಕರಗಲ್ಲವಂತೆ. ಹೆಂಗೆ ಕರಗಿಸೋದು ಅಂತ ಮಾವನೇ ಹೇಳಿಕೊಟ್ರಂತೆ!”

ಗಂಟೆಯ ದನಿ ಕೋಣೆಯ ಗಾಜುಗಳಿಗೆಲ್ಲ ಬಡಿದು ನಿಂತಿತು. ಇನ್ಸ್‌ಪೆಕ್ಟರ್ ಫೋನು ಕೆಳಗಿಳಿಸಿ ಮೇಷ್ಟ್ರ ಕಡೆ ತಿರುಗಿದರು.

ಮೇಷ್ಟ್ರು ಎದ್ದು ನಿಂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ.

“ನಾನು ಹೇಳಲಿಲ್ಲ,” ಎಂದರು. “ನನ್ನ ಪ್ರಾಣದಾಣೆ, ನಾನು ಅವನಿಗೆ ಹೇಳಲೇ ಇಲ್ಲ. ಕನ್ನಡಕ ಮಾಡೋನಿಗೆ ಅದು ಗೊತ್ತಿರೋಕೂ ಸಾಧ್ಯ ಇಲ್ಲ. ಅವನು ಯಾರನ್ನೋ ಕೇಳಿ ತಿಳ್ಕೊಂಡಿರ್ಬೇಕು.”

“ಯಾರನ್ನ? ಈ ಊರಲ್ಲಿ ಅದು ಇನ್ಯಾರಿಗೆ ಗೊತ್ತು?”

ಮೇಷ್ಟ್ರು ಬಾಯಿ ತೆರೆದರು. ಉತ್ತರ ಅವರಿಗೆ ಆಗ ತಾನೇ ಹೊಳೆದಂತಿತ್ತು. ಹೇಳುವ ಬದಲು ಅವರ ಕಣ್ಣು ನಾದಿನಿಯತ್ತ ಹೋಯಿತು.

ಇನ್ಸ್‌ಪೆಕ್ಟರ್ ಕುತ್ತಿಗೆ ಆ ಕಡೆ ತಿರುಗಲು ಒಪ್ಪಲಿಲ್ಲ. ಎಷ್ಟೋ ಮನೆಗಳ ಬಾಗಿಲನ್ನು ಅಳುಕಿಲ್ಲದೆ ಒದ್ದು ಒಳಗೆ ನುಗ್ಗಿದ ಮನುಷ್ಯ, ಒಂದು ಗೇಣು ತಲೆ ತಿರುಗಿಸಲು ಹೆಣಗಿದರು. ಕೊನೆಗೆ ತಿರುಗಿದರು.

ನಾದಿನಿ ಕೈಗವಸುಗಳನ್ನು ಒಂದೊಂದೇ ಬೆರಳು ಬಿಡಿಸಿ ತೆಗೆಯುತ್ತಿದ್ದಳು. ತೆಗೆದು ಮೇಜಿನ ಮೇಲೆ ಜೋಡಿಸಿಟ್ಟಳು. ಫ್ರಿಜ್ಜಿನ ಬಾಗಿಲು ಮುಚ್ಚಿದಳು. ಅವರ ಎದುರಿನ ಸ್ಟೂಲಿನಲ್ಲಿ ಬೆನ್ನು ನೇರ ಮಾಡಿ ಕೂತಳು.

“ಕೇಳಿ,” ಎಂದಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳು ಅವರನ್ನು ಭಾವ ಎನ್ನಲಿಲ್ಲ. “ಏನು ಕೇಳ್ಬೇಕೋ ಕೇಳಿ, ಇನ್ಸ್‌ಪೆಕ್ಟ್ರೇ.”